೨೫೧೯ ಎಳೆಗಳು

ಒಂದು ಸಂಖ್ಯೆ ಮನುಷ್ಯನನ್ನು ಹೆದರಿಸಬಲ್ಲದು ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಐದನೆಯ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಸಂಖ್ಯೆಗಳ ತಂಟೆಗೆ ನಾನು ಹೋದವನಲ್ಲ. ಹೋದ ತಿಂಗಳು ಸುರೇಬಾನದ ನಮ್ಮ ಮನೆಯಲ್ಲಿ, ಮಗ್ಗದ ಮುಂದೆ ಕೂತು, ಹೆದರಿದೆ.

ಪಟ್ಟೆ ಸೀರೆಯೊಂದನ್ನು ನೇಯಬೇಕಿತ್ತು. ಉದ್ದಕ್ಕೆ ಹಾಸುವ ಎಳೆಗಳನ್ನು ಎಣಿಸಿದರೆ ೨೫೧೯. ಪಟ್ಟೆಗೆ ಹತ್ತೆಳೆಯಂತೆ ಕಾಗದದ ಮೇಲೆ ಹಂಚಿದೆ. ಕೊನೆಯ ಪಟ್ಟೆಗೆ ಒಂದೆಳೆ ಕಡಿಮೆ. ಒಂಬತ್ತರಂತೆ ಹಂಚಿದೆ, ಒಂದು ಕಡಿಮೆ. ಎಂಟು, ಏಳು, ಆರು ಎನ್ನುತ್ತ ಎರಡರವರೆಗೆ ಇಳಿದೆ. ಎಲ್ಲಿ ಹೋದರೂ ಅದೇ ಒಂದು ಕಡಿಮೆ. ನನ್ನ ಲೆಕ್ಕ ತಪ್ಪಿರಬೇಕೆಂದು ಹೆಂಡತಿಯ ಫೋನಿನಲ್ಲಿ ತಾಳೆ ನೋಡಿದೆ. ಅದೂ ಆ ಸಂಖ್ಯೆಯ ಪಕ್ಷವನ್ನೇ ಸೇರಿಕೊಂಡಿತ್ತು. ಕಾಗದವನ್ನು ದೂರ ಸರಿಸಿದೆ.

ಯರಗಟ್ಟಿಯಿಂದ ಬಂದಿದ್ದ ತಂಗಿ ಕಸ್ತೂರಿ ಶೇಂಗಾ ಸುಲಿಯುತ್ತ ನೋಡುತ್ತಿದ್ದಳು.

"ಒಂದ ಎಳಿ ಸೇರಸೋ ಅಣ್ಣಾ. ಎಲ್ಲಾದಕ್ಕೂ ಒಂದ ಕಮ್ಮಿ ಬೀಳತೈತಿ ಅಂದ್ರ, ಒಂದ ಕೊಟ್ರ ಎಲ್ಲಾದಕ್ಕೂ ಸರಿ ಹೋಗತೈತಿ."

೨೫೨೦. ನೋಡಿ, ಹತ್ತರೊಳಗಿನ ಯಾರು ಬಂದು ಕೇಳಿದರೂ ಸಮಪಾಲು ಕೊಟ್ಟು ಕಳಿಸುವ ಸಂಖ್ಯೆ ಅದು. ಆಮೇಲೆ ಫೋನಿನಲ್ಲಿ ಹುಡುಕಿ ತಿಳಿದದ್ದು: ಅದಕ್ಕಿಂತ ಚಿಕ್ಕ ಸಂಖ್ಯೆ ಯಾವುದಕ್ಕೂ ಆ ಗುಣವಿಲ್ಲ. ಪಕ್ಕದ ಮನೆಯ ೨೫೨೧ ಮಾತ್ರ ಒಂದನ್ನೂ ತನ್ನನ್ನೂ ಬಿಟ್ಟು ಯಾರಿಗೂ ಬಾಗಿಲು ತೆರೆಯದು. ನಮ್ಮ ಓಣಿಯಲ್ಲೂ ಅಂಥ ಮನೆಗಳಿವೆ. ನನ್ನ ಮನೆಯೂ ಅಂಥದ್ದೇ ಎಂದು ಮರುಗಳಿಗೆಯೇ ತಿಳಿಯಿತು.

"ಇದ ಹೆಂಗ ಹೊಳೀತ ನಿನಗ?" ಎಂದೆ.

"ನನಗೆಲ್ಲಿ ಲೆಕ್ಕ ಬರತೈತಿ? ಮಾಸ್ತರಗ ನೀನ ಹೇಳಿದ್ಯಲ್ಲ. ಸುಮ್ನ ಕಣ್ಣಿಗೆ ಕಂಡದ್ದ ಹೇಳಿದ್ನಿ."

ಹೇಳಿದ್ದೆ, ನಿಜ. ಕಸ್ತೂರಿ ಏಳನೆಯದು ಮುಗಿಸಿದಾಗ ಮಾಸ್ತರರು ಮನೆಗೇ ಬಂದು, ಹುಡುಗಿ ಲೆಕ್ಕದಲ್ಲಿ ಬಲು ಚುರುಕು, ರಾಮದುರ್ಗದ ಹೈಸ್ಕೂಲಿಗೆ ಕಳಿಸಿ ಎಂದಿದ್ದರು. ಅಪ್ಪ ತೀರಿಕೊಂಡಿದ್ದ, ಮಗ್ಗಕ್ಕೆ ಇನ್ನೊಂದು ಜೋಡಿ ಕೈ ಬೇಕಿತ್ತು. ಆಕೆಯ ಎದುರಿಗೇ ಹೇಳಿದೆ: "ಆಕಿ ಬಾಯಿಪಾಠ ಮಾಡಿ ಬರೀತಾಳ್ರಿ. ಲೆಕ್ಕ ಆಕಿ ತಲೀಗೆ ಹತ್ತೂದಿಲ್ಲ."

ಮಾಸ್ತರರು ನಂಬಲಿಲ್ಲ. ಕಸ್ತೂರಿ ನಂಬಿದಳು. ಈಗಲೂ ತನ್ನ ಮಗಳು ಲೆಕ್ಕದ ಪುಸ್ತಕ ಹಿಡಿದು ಬಂದರೆ, "ನಿಮ್ಮಪ್ಪನ್ನ ಕೇಳವಾ" ಎಂದು ಅಡುಗೆಮನೆ ಸೇರುತ್ತಾಳೆ.

"ಆವತ್ತು ನಾ ಸುಳ್ಳ ಹೇಳಿದ್ನಿ, ಕಸ್ತೂರಿ," ಎಂದೆ. "ಮಗ್ಗಕ್ಕ ಒಬ್ಬರು ಬೇಕಾಗಿತ್ತು."

ಶೇಂಗಾ ಸುಲಿಯುವ ಕೈ ನಿಂತಿತು.

"ಹಂಗಾದ್ರ ನನಗ ಬರತಿತ್ತೇನು?"

"ಬರತಿತ್ತು."

"ಸಾಲಿ ಬಿಡಿಸಿದ್ದಕ್ಕ ನನಗ ಸಿಟ್ಟಿಲ್ಲ. ಮನಿ ಹಂಗಿತ್ತು. ಮಾಸ್ತರ ಹೋದ ಮ್ಯಾಲರ ಖರೇ ಹೇಳಬೇಕಿತ್ತಿಲ್ಲೋ ಅಣ್ಣಾ? ದಡ್ಡಿ ಅಂತ ತಿಳಕೊಂಡ ಇಷ್ಟ ವರ್ಷ ಕಳದ್ನಿ."

ಆವತ್ತೇ ಸಂಜೆಯ ಬಸ್ಸು ಹತ್ತಿದಳು. ನಾಲ್ಕು ದಿನ ಫೋನಿಲ್ಲ. ಐದನೆಯ ದಿನ ಬಂತು.

"ಇಪ್ಪತ್ತೇಳು ಸಾವಿರದ ಏಳನೂರಾ ಇಪ್ಪತ್ತು," ಎಂದಳು. "ಇದು ಹನ್ನೆರಡರ ತನಕಾ ಎಲ್ಲಾದಕ್ಕೂ ಹೋಗತೈತಿ. ನಾನೂ ಮಗಳೂ ಕುಂತ ತಗದ್ವಿ." ಅಷ್ಟು ಹೇಳಿ ಫೋನ್ ಇಟ್ಟಳು.

ಕ್ಷಮಿಸಿದ್ದೀಯಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು: ಆಕೆಯೂ ಒಂದು ಮಾತು ಕೇಳಿರಲಿಲ್ಲ, ಸರಿ ಐತೇನು ಅಂತ.