ಪಿರೋಷ್ಕಾ ಕೊಟ್ಟ ಹೆಸರು

ರೊಮೇನಿಯಾದ ಕೊಲೋಜ್ವಾರ್ ಊರಿನ ಸ್ಮಶಾನದ ಬಾಗಿಲಲ್ಲಿ ಪಿರೋಷ್ಕಾಳ ಹೂವಿನಂಗಡಿ, ಪಕ್ಕದಲ್ಲೇ ನನ್ನ ಮೇಣದಬತ್ತಿ ಅಂಗಡಿ. ಅವಳದು ಬಾಯಿ ಜೋರು. ಸತ್ತ ಅಕ್ಕನ ಮಗ ಲೋರಾಂಡನನ್ನು ಸಾಕಿ ಕಾಲೇಜಿನವರೆಗೆ ತಂದಿದ್ದಳು. ಅವನೆಂದರೆ ಜೀವ.

ಸಾವಿರದ ಒಂಬೈನೂರ ಐವತ್ತಾರರಲ್ಲಿ ಗಡಿಯಾಚೆ ಹಂಗೆರಿಯ ಜನ ತಮ್ಮ ಕಮ್ಯುನಿಸ್ಟ್ ಸರಕಾರದ ವಿರುದ್ಧ ಬೀದಿಗಿಳಿದರು. ನಡುಕ ಹುಟ್ಟಿದ್ದು ಇಲ್ಲಿಯ ಸರಕಾರಕ್ಕೆ. ರೊಮೇನಿಯಾದಲ್ಲಿದ್ದ ನಮ್ಮಂಥ ಹಂಗೆರಿಯನ್ನರು ಕೆಮ್ಮಿದರೂ ಪೊಲೀಸರು ಬರೆದುಕೊಳ್ಳುತ್ತಿದ್ದರು.

ನವೆಂಬರ್ ಒಂದು, ಊರೆಲ್ಲ ಗೋರಿಗಳಿಗೆ ದೀಪ ಹಚ್ಚುವ ದಿನ. ಲೋರಾಂಡ್ ಜೊತೆಗಾರರೊಂದಿಗೆ ಹಳೆಯ ಹಂಗೆರಿಯನ್ ಕವಿಯೊಬ್ಬನ ಗೋರಿಗೆ ಮಾಲೆ ಇಟ್ಟ. ಬಿಳಿ ಸೇವಂತಿಗೆ, ಹಸಿರು ಪೈನ್ ಸೊಪ್ಪು, ಕೆಂಪು ರಿಬ್ಬನ್. ಪಿರೋಷ್ಕಾ ಎಲ್ಲ ಸತ್ತವರಿಗೂ ಕಟ್ಟುತ್ತಿದ್ದುದು ಅದೇ ಮಾಲೆ. ಪೊಲೀಸರಿಗೆ ಮಾತ್ರ ಅದರಲ್ಲಿ ಹಂಗೆರಿಯ ಬಾವುಟ ಕಂಡಿತು.

ಮರುದಿನ ಬೆಳಿಗ್ಗೆ ಅಧಿಕಾರಿಯೊಬ್ಬ ಬಂದು ಆ ಮಾಲೆಯನ್ನು ಅವಳ ಮುಂದೆ ಎಸೆದ.

"ಮೂರು ಬಣ್ಣ ಯಾಕೆ ಹಾಕ್ದೆ?"

"ಸೇವಂತಿಗೇನ ಕೇಳಿ ಸಾಹೇಬ್ರೆ. ಬೆಳ್ಳಗೆ ಹುಟ್ಟಿದ್ದು ಅದರ ತಪ್ಪು."

"ನಾಲಿಗೆ ಬಿಗಿ ಹಿಡಿ. ತಗೊಂಡೋನ ಹೆಸರು ಹೇಳು. ಇಲ್ಲಾಂದ್ರೆ ನಿನ್ನ ಮನೇಲಿರೋ ಹುಡುಗನ್ನ ಕರ್ಕೊಂಡು ಹೋಗಿ ಕೇಳ್ತೀನಿ."

ಹಬ್ಬಕ್ಕೆಂದು ಕೂಲಿಗೆ ಉಜ್ಜಿ ತೊಳೆದಿದ್ದ ಹಳೆಯ ಗೋರಿಕಲ್ಲೊಂದರ ಮೇಲಿನ ಹೆಸರು ಅವಳ ಬಾಯಿಗೆ ಬಂತು. "ಬೆನ್ಕೋ ಗೆರ್ಗೆಯ್" ಎಂದುಬಿಟ್ಟಳು.

ಅವನು ಹೋದ ಮೇಲೆ ನನ್ನತ್ತ ತಿರುಗಿ ನಕ್ಕಳು. "ಸತ್ತು ನಲವತ್ತು ವರ್ಷ ಆಗಿದೆ ಕಣೇ. ಹಿಡ್ಕೊಂಡು ಹೋಗ್ಲಿ. ಎಷ್ಟು ಒದ್ದರೂ ನೋಯಲ್ಲ."

ನಾನೂ ನಕ್ಕೆ. ಆ ನಗುವಿಗಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅದೇ ಹೆಸರಿನ ಮೇಷ್ಟ್ರೊಬ್ಬರು ಊರಲ್ಲಿದ್ದರು, ನಮಗೆ ಗೊತ್ತಿರಲಿಲ್ಲ. ಹಬ್ಬದ ದಿನ ಅವರು ಜ್ವರ ಬಂದು ಮನೆಯಲ್ಲೇ ಮಲಗಿದ್ದರು. ಪೊಲೀಸರು ಅವರನ್ನೇ ಹಿಡಿದರು, ಏಳು ವರ್ಷ ಜೈಲಾಯಿತು. ಸುದ್ದಿ ತಿಳಿದ ದಿನ ಪಿರೋಷ್ಕಾ ಠಾಣೆಯವರೆಗೆ ಹೋಗಿ, ಒಳಗೆ ಕಾಲಿಡದೆ ವಾಪಸು ಬಂದಳು. ಈ ಹೆಸರು ಸುಳ್ಳೆಂದರೆ ನಿಜವಾದ ಹೆಸರು ಹೇಳಬೇಕಲ್ಲ. ಲೋರಾಂಡ್ ಓದು ಮುಗಿಸಿದ, ಕಮ್ಯುನಿಸ್ಟ್ ಪಕ್ಷ ಸೇರಿದ, ಚಿಕ್ಕಮ್ಮನ ಕಡೆ ತಲೆ ಹಾಕುವುದನ್ನೇ ಬಿಟ್ಟ. ಇಂಥವನಿಗಾಗಿ ಇಷ್ಟೆಲ್ಲ.

ಮೂರನೆಯ ವರ್ಷ ಮೇಷ್ಟ್ರು ಜೈಲಲ್ಲೇ ತೀರಿಕೊಂಡರು. ಹೆಣವನ್ನೂ ಕೊಡಲಿಲ್ಲ. ಆ ನವೆಂಬರಿನಲ್ಲಿ ಅವರ ಹೆಂಡತಿ ಪಿರೋಷ್ಕಾಳ ಅಂಗಡಿಗೆ ಬಂದರು.

"ಒಂದು ಮಾಲೆ ಕಟ್ಟಿಕೊಡಮ್ಮಾ. ಗೋರಿ ಇಲ್ಲ. ಸ್ಮಶಾನದ ದೊಡ್ಡ ಶಿಲುಬೆ ಕೆಳಗೆ ಇಡ್ತೀನಿ."

ಪಿರೋಷ್ಕಾ ತಲೆ ಎತ್ತದೆ ಕಟ್ಟಿದಳು, ದುಡ್ಡು ಬೇಡವೆಂದಳು. ನಾನಾದರೂ ನಿಜ ಹೇಳಬಹುದಿತ್ತು, ಹೇಳಲಿಲ್ಲ. ಆಕೆ ಪಿರೋಷ್ಕಾಳ ಎರಡೂ ಕೈ ಹಿಡಿದುಕೊಂಡರು.

"ಅವರನ್ನ ಹಿಡ್ಕೊಂಡು ಹೋದಾಗಿಂದ ಊರಲ್ಲಿ ಯಾರೂ ನನ್ನ ಹತ್ರ ಸುಳಿಯಲ್ಲ. ನೀನೊಬ್ಬಳೇ ನೋಡು ಒಳ್ಳೆಯವಳು."

ಪಿರೋಷ್ಕಾ ಕೈ ಬಿಡಿಸಿಕೊಳ್ಳಲೂ ಆಗದೆ ಹಾಗೇ ನಿಂತಿದ್ದಳು.