ಬಿಸಿಲಿಗೆ ಎದುರಾಗಿ ಹಿಡಿದ ಸೀರೆ

ಬನಹಟ್ಟಿಯ ಓಣಿಯಲ್ಲಿ ಪವರ್‌ಲೂಮುಗಳ ಸದ್ದು ಇನ್ನೂ ಎದ್ದಿಲ್ಲ. ಮಾಳಿಗೆಯ ಮೇಲೆ ಶೇವಂತಿ ಹಗ್ಗಕ್ಕೆ ಹಸಿರು ಸೀರೆಯೊಂದನ್ನು ಇಳಿಬಿಟ್ಟು ಕಾಯುತ್ತಿದ್ದಾರೆ. ಸೂರ್ಯ ಇಣುಕಿದ್ದೇ ತಡ, ಸೀರೆಯ ಈಚೆ ನಿಂತು, ಬಿಸಿಲಿಗೇ ಮುಖ ಕೊಟ್ಟು ಮೊಬೈಲ್ ಎತ್ತುತ್ತಾರೆ.

“ಏ ಶೇವಂತಿ, ಆ ಸೂರ್ಯನ್ನ ನೋಡಿ ನೋಡಿ ಕಣ್ಣ ಕಳಕೋತಿ ನೋಡು!” ಕೆಳಗಿನಿಂದ ಅತ್ತೆ ಕೆಂಪವ್ವ ಕೂಗುತ್ತಾರೆ.

“ಹಂಗಾದ್ರ ನೀವ ಫೋಟೋ ತಗೀರಿ ಅತ್ತಿ, ನಾ ರೊಟ್ಟಿ ಬಡೀತೀನಿ.”

ಮೂವತ್ತೆಂಟರ ಶೇವಂತಿ ಗಲಗಲಿಯ ಮಗಳು, ಬನಹಟ್ಟಿಯ ಸೊಸೆ. ಹದಿನಾಲ್ಕು ವರ್ಷ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಭುಜ ಸೋತಾಗ ಕೈಗೆ ಬಂದದ್ದು ಈ ಕೆಲಸ. ನೇಕಾರರ ಮನೆಯ ಸೀರೆಗಳ ಫೋಟೋ ತೆಗೆದು ವ್ಯಾಪಾರಿಗಳ ವಾಟ್ಸ್‌ಆ್ಯಪ್‌ಗೆ ಕಳಿಸಬೇಕು. ದಿನಕ್ಕೆ ಮೂವತ್ತು ಸೀರೆ, ಒಂದೊಂದಕ್ಕೆ ಐದು ಫೋಟೋ.

ಜಮಖಂಡಿಯಲ್ಲಿ ಮೂರು ದಿನದ ತರಬೇತಿಗೆ ಹೋದಾಗ ಬರೆದುಕೊಂಡ ನಿಯಮಗಳು ಇವರಿಗೆ ಬಾಯಿಪಾಠ. ಬಿಸಿಲು ಬೆನ್ನಿಗಿರಬೇಕು, ಬಟ್ಟೆಯಲ್ಲಿ ಸುಕ್ಕಿರಬಾರದು, ಮೊಬೈಲ್ ವಾಲಬಾರದು, ಹೀಗೆ ಏಳೆಂಟು. ಎಲ್ಲವನ್ನೂ ಪಾಲಿಸಿದರು. ಫೋಟೋ ಚೊಕ್ಕಟವಾಗಿ ಬಂತು. ಆದರೆ ಪಕ್ಕದ ಓಣಿಯ ಗೂಳಪ್ಪನವರ ಕೈಮಗ್ಗದ ಸೀರೆ ಯಂತ್ರದ ಸೀರೆಯಂತೆಯೇ ಕಂಡಿತು. ಎರಡು ತಿಂಗಳು ಒಬ್ಬರೂ ಕೇಳಲಿಲ್ಲ.

“ಈ ಸೀರಿ ಹೋಗಲಿಲ್ಲಂದ್ರ ಮಗ್ಗಾ ಬಿಚ್ಚಿಬಿಡ್ತೀನಿ ತಂಗಿ,” ಎಂದರು ಎಪ್ಪತ್ತರ ಗೂಳಪ್ಪ. ಐವತ್ತು ವರ್ಷ ಕೂತ ಮಗ್ಗ ಅದು.

ಆ ಮಾತು ಶೇವಂತಿಯನ್ನು ಕೂರಗೊಡಲಿಲ್ಲ. ಅದೇ ಸೀರೆ, ಅದೇ ಹೊತ್ತು. ದಿನಕ್ಕೊಂದೇ ನಿಯಮ ಮುರಿದು ನೋಡತೊಡಗಿದರು. ಒಂದೇ ಯಾಕೆ? “ಸಾರಿಗೆ ಉಪ್ಪೂ ಖಾರಾನೂ ಕೂಡೇ ಹೆಚ್ಚಾದ್ರ, ಕೆಡಿಸಿದ್ದು ಯಾವ್ದಂತ ತಿಳೀತೈತೇನ್ರಿ?”

ಮೊಬೈಲ್ ವಾಲಿಸಿದ ದಿನ ಕೆಂಪವ್ವ, “ಸೀರಿ ಕುಡದು ಬಂದಂಗ ಐತಲ್ಲ!” ಎಂದು ನಕ್ಕರು. ಸುಕ್ಕು ಬಿಟ್ಟು ತೆಗೆದದ್ದರಲ್ಲಿ ಸೆರಗು ಮಾತ್ರ ಮೆತ್ತಗೆ ಚೆಂದ ಕಂಡಿತು. ಏಳನೆಯ ಬೆಳಗ್ಗೆ ಬಿಸಿಲಿಗೆ ಎದುರು ನಿಂತರು; ಬೆಳಕು ಸೀರೆಯ ಎಳೆಗಳ ನಡುವಿನಿಂದ ಹಾದು ಬಂತು. “ಗೂಳಪ್ಪಜ್ಜ ಮಗ್ಗದಾಗ ಬಡದ ಒಂದೊಂದು ಪೆಟ್ಟೂ ಕಾಣಾಕತ್ತಿತ್ರಿ.” ಅದರ ಜೊತೆಗೆ, ಕಡಿದ ಎಳೆಯೊಂದಕ್ಕೆ ಹಾಕಿದ ಗಂಟೂ ಕಂಡಿತು.

ಗಂಟು ಒಳಗೆ ಹೋಗುವಂತೆ ಸೀರೆ ಮಡಿಸುವುದು ಇಲ್ಲಿಯ ನೇಕಾರರ ಮರ್ಯಾದೆ. ಫೋಟೋ ನೋಡಿ ಗೂಳಪ್ಪನವರ ಮುಖ ಸಣ್ಣದಾಯಿತು.

“ಮಂದಿಗೆ ಗಂಟು ತೋರಸ್ತೀಯಾ? ನಮ್ಮಪ್ಪ ಇದ್ದಿದ್ರ ನನ್ನ ಕೈ ಮುರೀತಿದ್ದ. ಅಳಸು.”

“ಚೊಕ್ಕ ಇದ್ದದ್ದು ಎರಡು ತಿಂಗಳು ತೋರಸಿದ್ವಿ ಅಜ್ಜಾ, ಯಾರು ಕೇಳಿದ್ರು? ಖರೆ ಇದ್ದದ್ದು ಒಮ್ಮೆ ತೋರಸೂಣ್ರಿ. ನೀವು ಹೂಂ ಅಂದ್ರಷ್ಟ.”

ಅಜ್ಜ ಚಹಾ ಕುಡಿದು ಮುಗಿಸಿ ಕಪ್ಪು ಕೆಳಗಿಟ್ಟರು. ಆಮೇಲೆ, “ಕಳಸು. ಯಾರರ ನಕ್ಕರ ನನಗ ಹೇಳಬ್ಯಾಡ,” ಎಂದರು.

ಯಾರೂ ನಗಲಿಲ್ಲ. ಮುಧೋಳದ ನಿವೃತ್ತ ಶಿಕ್ಷಕಿ ಶುಭದಾ ವ್ಯಾಪಾರಿಯಿಂದ ನಂಬರ್ ಇಸಿದುಕೊಂಡು ಶೇವಂತಿಗೇ ಫೋನ್ ಮಾಡಿದರು: “ಆ ಗಂಟಿನ ಸೀರಿನೇ ಕಳಸ್ರಿ. ಫೋಟೋದಾಗ ಒಂದು, ಮನಿಗೆ ಬರೋದು ಇನ್ನೊಂದು ಆಗೇದ ನನಗ. ಗಂಟಿದ್ರ, ಹೌದು ಇದ ಸೀರಿ ಅಂತ ಗುರ್ತು ಸಿಗತದ.” ಅವರ ಓಣಿಯ ಇನ್ನಿಬ್ಬರೂ ಕೇಳಿದರು. ಈ ವಾರ ಗೂಳಪ್ಪನವರ ಮಗ್ಗಕ್ಕೆ ಮುಂದಿನ ಸೀರೆಗಳಿಗಾಗಿ ಹೊಸ ಹಾಸುನೂಲು ಏರಿದೆ.

ಎಲ್ಲ ಸೀರೆಗೂ ಇದೇ ಮದ್ದಲ್ಲ. ಕರಿ ಬಣ್ಣದ ಚಂದ್ರಕಾಳಿ ಸೀರೆ ಬಿಸಿಲಿನೆದುರು ಕಂಬಳಿಯಂತೆ ಕಾಣುತ್ತದೆ. ಅದಕ್ಕೆ ಕಲಿತ ನಿಯಮವೇ ಸರಿ. ಕೆಟ್ಟ ಫೋಟೋಗಳನ್ನೂ ಶೇವಂತಿ ಅಳಿಸುವುದಿಲ್ಲ, ಯಾವುದು ಯಾಕೆ ಕೆಟ್ಟಿತೆಂದು ಹಿಟ್ಟಿನ ಕೈಯಲ್ಲೇ ಬರೆದಿಡುತ್ತಾರೆ.

ನಿಮ್ಮ ಹೆಸರು ಯಾರಿಗೂ ಗೊತ್ತಾಗುವುದಿಲ್ಲವಲ್ಲ ಎಂದರೆ ತಲೆ ಅಲ್ಲಾಡಿಸುತ್ತಾರೆ.

“ನನ್ನದು ಯಾಕ್ರಿ? ಫೋಟೋದ ಕೆಳಗ ‘ಗೂಳಪ್ಪ ನೇಯ್ದದ್ದು’ ಅಂತ ವ್ಯಾಪಾರಿಗಳು ಒಂದು ಸಾಲು ಹಾಕಿದ್ರ ಸಾಕು. ಅಜ್ಜಗ ಓದಾಕ ಬರೂದಿಲ್ಲ. ನಾನ ಹೋಗಿ ಓದಿ ಹೇಳಿ ಬರ್ತೀನಿ.”