ಹೊರೆಗಲ್ಲಿನ ಎತ್ತರ

ರಾಜಾಜಿನಗರ ಆಗತಾನೆ ಏಳುತ್ತಿದ್ದ ಕಾಲ. ಮೂಡಲಪಾಳ್ಯದ ಅಕ್ಕಯ್ಯಮ್ಮ ದಿನಾ ಸೊಪ್ಪಿನ ಮಂಕರಿ ಹೊತ್ತು ಅಲ್ಲಿಗೆ ನಡೆಯುತ್ತಿದ್ದಳು. ದಾರಿಯಲ್ಲಿ ಹೊರೆ ಇಳಿಸಲು ಇದ್ದ ಒಂದೇ ಹೊರೆಗಲ್ಲನ್ನು ಹೊಸ ರಸ್ತೆಗೆ ಅಡ್ಡವೆಂದು ಕಿತ್ತುಹಾಕಿದರು. ನೆಲಕ್ಕಿಳಿಸಿದರೆ ಮತ್ತೆ ತಲೆಗೆ ಎತ್ತಿಕೊಡುವವರು ಯಾರು?

ರಸ್ತೆ ಮಾಡಿಸುತ್ತಿದ್ದ ಓವರ್‌ಸಿಯರ್ ಕರಿಬಸಪ್ಪನವರ ಮುಂದೆ ಹೋಗಿ ನಿಂತಳು. "ಸ್ವಾಮಿ, ಆ ಕಲ್ಲು ಎಲ್ಲಾದ್ರೂ ನೆಟ್ಕೊಡಿ. ಕತ್ತು ಬಿದ್ದೋಗ್ತದೆ."

"ಪಾರ್ಕಿನ ಮೂಲೇಲಿ ನೆಡಿಸ್ತೀನಿ. ನೆಟ್ಟಗೆ ನಿಂತ್ಕೊಳ್ಳಮ್ಮ," ಎಂದು ಅವರು ಟೇಪು ಹಿಡಿದು ಅವಳ ಎತ್ತರ ಅಳೆದರು.

"ಯಾಕ್ ಸ್ವಾಮಿ, ನನ್ನನ್ನೇ ಹೂಳೋಕಾ?"

ಕೂಲಿಯವರೆಲ್ಲ ನಕ್ಕರು.

ಹಳೆಯ ಕಲ್ಲು ಗಂಡಸರ ಎತ್ತರಕ್ಕಿತ್ತು. ಇಷ್ಟು ವರ್ಷ ಅವಳು ತುದಿಗಾಲಲ್ಲಿ ನಿಂತು ಇಳಿಸುತ್ತಿದ್ದಳು. ಪಾರ್ಕಿನಲ್ಲಿ ನೆಟ್ಟ ಕಲ್ಲಿಗೆ ಮಂಕರಿ ತಾನಾಗಿ ಜಾರಿತು. ಅಲ್ಲಿ ಕೂತು ಎಲೆಯಡಿಕೆ ಹಾಕುವಾಗೆಲ್ಲ, "ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ," ಎನ್ನುತ್ತಿದ್ದಳು.